ಮೊದಲ ಹಿಟ್ಟು

ಹೈದರಾಬಾದ್
೧೨ ಆಗಸ್ಟ್ ೨೦೨೪

ಅಬ್ಬಾ, ಸಲಾಂ.

ಈ ಸುದ್ದಿಯನ್ನು ಅಮ್ಮಿಯ ಫೋನಿನಲ್ಲಿ ಹೇಳಲು ಎರಡು ಸಲ ಪ್ರಯತ್ನಿಸಿದೆ. ನಿಮಗೆ ಕೇಳಿಸಬೇಕೆಂದರೆ ಕೂಗಬೇಕು. ನಾನು ಇಲ್ಲಿ ಕೂಗಿದರೆ ಹಾಸ್ಟೆಲಿನ ಮೂರು ಕೋಣೆಗಳಿಗೆ ಕೇಳಿಸುತ್ತದೆ, ನೀವು ಅಲ್ಲಿಂದ ಉತ್ತರ ಕೂಗಿದರೆ ಅರ್ಧ ಮೋರಟಗಿಗೆ ಗೊತ್ತಾಗುತ್ತದೆ. ನಲವತ್ತು ವರ್ಷ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ನಿಂತ ಕಿವಿ ನಿಮ್ಮದು. ಹಾಗಾಗಿ ಪತ್ರ.

ಬಂದಿದೆ. ನಾಲ್ಕೂವರೆ ವರ್ಷದಿಂದ ಹುಡುಕುತ್ತಿದ್ದುದು ಬಂದಿದೆ.

ನಾನು ಏನು ಮಾಡುತ್ತೇನೆಂದು ನೀವು ಕೇಳಿದಾಗಲೆಲ್ಲ ‘ಕಬ್ಬಿಣ ಬೀಸುತ್ತೇನೆ’ ಎಂದು ಹೇಳಿ ಮುಗಿಸಿದ್ದೇನೆ. ಇವತ್ತು ಸರಿಯಾಗಿ ಹೇಳುತ್ತೇನೆ. ಕಬ್ಬಿಣದ ಪುಡಿ ಅರ್ಧ, ನಿಕಲ್ ಎಂಬ ಲೋಹದ ಪುಡಿ ಅರ್ಧ. ಎರಡನ್ನೂ ಉಕ್ಕಿನ ಡಬ್ಬಿಗೆ ಹಾಕಿ, ಜೊತೆಗೆ ಉಕ್ಕಿನ ಗುಂಡುಗಳನ್ನು ಹಾಕಿ, ಗಾಳಿ ತೆಗೆದು ಮುಚ್ಚಿ, ಯಂತ್ರಕ್ಕೆ ಕಟ್ಟಿ ನಲವತ್ತು ಗಂಟೆ ತಿರುಗಿಸುತ್ತೇವೆ. ಗುಂಡುಗಳು ಬಡಿದು ಬಡಿದು ಎರಡು ಲೋಹಗಳನ್ನು ಒಂದಾಗಿಸುತ್ತವೆ. ಬೆಂಕಿ ಇಲ್ಲ, ಕರಗಿಸುವುದಿಲ್ಲ. ಬೀಸುವುದಷ್ಟೇ.

ಆದರೆ ಬೆರೆತರೆ ಸಾಲದು. ಎರಚಿ ಬಿತ್ತಿದ ಹೊಲದ ಹಾಗೆ ಎಲ್ಲಿ ಬೇಕಾದಲ್ಲಿ ಕಬ್ಬಿಣ, ಎಲ್ಲಿ ಬೇಕಾದಲ್ಲಿ ನಿಕಲ್ ಬಿದ್ದರೆ ಅದು ಸಾದಾ ಲೋಹ. ಕೂರಿಗೆಯಿಂದ ಬಿತ್ತಿದ ಹಾಗೆ ಒಂದು ಸಾಲು ಕಬ್ಬಿಣ, ಒಂದು ಸಾಲು ನಿಕಲ್ ಕೂತರೆ ಅದು ಗಟ್ಟಿ ಅಯಸ್ಕಾಂತ. ಆಕಾಶದಿಂದ ಬಿದ್ದ ಉಲ್ಕೆಗಳಲ್ಲಿ ಅಂಥ ಲೋಹ ಸಿಗುತ್ತದೆ. ಅಲ್ಲಿ ಅದು ತಣ್ಣಗಾಗಲು ಲಕ್ಷಗಟ್ಟಲೆ ವರ್ಷ ತೆಗೆದುಕೊಂಡಿರುತ್ತದೆ. ಜಾಸ್ತಿ ಕಾಯಿಸಿದರೆ ಸಾಲು ಕೆಡುತ್ತದೆ, ಕಡಿಮೆ ಕಾಯಿಸಿದರೆ ಪರಮಾಣುಗಳು ಕೂತ ಜಾಗ ಬಿಟ್ಟು ಏಳುವುದಿಲ್ಲ. ಬೀಸಿದಾಗ ಒಳಗೆ ಸಂದುಗಳು ಬೀಳುತ್ತವೆ, ಅವುಗಳಲ್ಲಿ ಅವು ಸರಿದಾಡಬಹುದು ಎಂಬುದು ನಮ್ಮ ಲೆಕ್ಕಾಚಾರ. ಇದು ಆದರೆ ವಿದ್ಯುತ್ ಬೈಕಿನ ಮೋಟಾರಿಗೆ ಪರದೇಶದ ದುರ್ಲಭ ಲೋಹ ತರಿಸುವ ಅವಶ್ಯಕತೆ ಕಡಿಮೆಯಾಗುತ್ತದೆ.

ಹದಿನಾರನೆಯ ಸಲದ ಪುಡಿಯನ್ನು ಮುನ್ನೂರು ಡಿಗ್ರಿಯಲ್ಲಿ ಹತ್ತು ದಿನ ಇಟ್ಟು ಅಳೆದೆ. ಹಿಂದಿನ ಹದಿನೈದಕ್ಕಿಂತ ಆರು ಪಟ್ಟು ಗಟ್ಟಿ. ನಮ್ಮ ಗೈಡ್ ಆನಂದತೀರ್ಥ ಸರ್ ನಮ್ಮ ಕಡೆಯವರೇ, ಇಂಡಿ ಊರಿನವರೆಂದು ನಿಮಗೆ ಗೊತ್ತು. ಗ್ರಾಫನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, “ನಿಷತ, ಇದು ಖರೇ ಇದ್ರ ಇವತ್ತಿಂದ ನೀ ಗುರು, ನಾ ಶಿಷ್ಯ. ಖರೇ ಐತೇನು?” ಅಂದರು.

“ಖರೇ ಐತ್ರಿ ಸರ್” ಅಂದೆ.

ಲೇಖನ ಬರೆಯುತ್ತಿದ್ದೇವೆ. ಜನವರಿ ಕೊನೆಗೆ ನನ್ನ ಶಿಷ್ಯವೇತನ ಮುಗಿಯುತ್ತದೆ. ಅಷ್ಟರೊಳಗೆ ಇದು ಅಚ್ಚಾದರೆ ಪ್ರಬಂಧ ಒಪ್ಪಿಸಿ ಡಾಕ್ಟರೇಟ್ ಪಡೆಯಬಹುದು. ಒಂದು ಕಡೆ ಕೂರಲು ಆಗುತ್ತಿಲ್ಲ. ಊಟಕ್ಕೆ ಕೂತವಳು ಎದ್ದು ಹೋಗಿ ಗ್ರಾಫ್ ನೋಡಿ ಬರುತ್ತೇನೆ.

ನಿಮ್ಮ ಪ್ರಶ್ನೆ ನನಗೆ ಗೊತ್ತು, ಎಷ್ಟು ಹಾಕಿದೆ, ಎಷ್ಟು ಬಂತು. ಹಾಕಿದ್ದು ೨೦ ಗ್ರಾಂ. ಬಂದದ್ದು ೨೦.೩೧.

ನಿಮ್ಮ ಮಗಳು,
ನಿಷತ


ಮೋರಟಗಿ
೨೪ ಆಗಸ್ಟ್ ೨೦೨೪

ಮಗಳು ನಿಷತಳಿಗೆ ಮೋದಿನಸಾಬನ ದುವಾ.

ಪತ್ರ ಐದನೆಯ ದಿನ ಮುಟ್ಟಿತು. ಎರಡು ಸಲ ನಾನು ಓದಿದೆ, ಒಂದು ಸಲ ನಿನ್ನ ಅಮ್ಮಿಗೆ ಓದಿ ಹೇಳಿದೆ. ಕೂರಿಗೆ ಸಾಲಿನ ಮಾತು ಆಕೆಗೆ ತಕ್ಷಣ ತಿಳಿಯಿತು. “ಹಂಗಂದ್ರ ನಮ್ಮ ನಿಷತ ಕಬ್ಬಿಣದಾಗ ಬಿತ್ತಿಗಿ ಮಾಡಾಕತ್ಯಾಳ” ಅಂದಳು. ನಗುತ್ತ ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದಳು.

ಈ ಕಡೆ ಮಳೆ ಸಾಧಾರಣ. ತೊಗರಿ ನಿಂತಿದೆ. ಗಿರಣಿಗೆ ಮಧ್ಯಾಹ್ನದವರೆಗೆ ಜನ ಇರುತ್ತಾರೆ, ಆಮೇಲೆ ನಾನು ಮತ್ತು ಪತ್ರಿಕೆ. ಕಲ್ಲು ಸವೆದಿದೆ. ಹಿಟ್ಟು ಬಿಸಿಯಾಗಿ ಬೀಳುತ್ತಿದೆ. ಇಂಡಿಯಿಂದ ಇಬ್ರಾಹಿಂಸಾಬನನ್ನು ಕರೆಸಿ ಉಳಿ ಹೊಡೆಸಿ ಗೆರೆ ಹೊಸದು ಮಾಡಿಸಬೇಕು. ಅವನಿಗೂ ವಯಸ್ಸಾಗಿದೆ, ಕರೆದರೆ ಬರಲು ಹದಿನೈದು ದಿನ.

ಒಂದು ಮಾತು. ೨೦ ಹಾಕಿದ್ದು, ೨೦.೩೧ ಬಂದದ್ದು ಎಂದು ಬರೆದಿದ್ದೀ. ಅವಸರದಲ್ಲಿ ಹಿಂದುಮುಂದು ಬರೆದೆಯೇನು? ನನ್ನ ಗಿರಣಿಯಲ್ಲಿ ಹತ್ತು ಕಿಲೋ ಹಾಕಿದರೆ ಒಂಬತ್ತು ಮುಕ್ಕಾಲು ಬರುತ್ತದೆ. ಸ್ವಲ್ಪ ಹಾರುತ್ತದೆ, ಸ್ವಲ್ಪ ಕಲ್ಲಿನಲ್ಲಿ ಕೂರುತ್ತದೆ. ಹಾಕಿದ್ದಕ್ಕಿಂತ ಹೆಚ್ಚು ಬಂದದ್ದನ್ನು ನಾನು ನೋಡಿಲ್ಲ.

ನಿಮ್ಮ ಯಂತ್ರ ಬೇರೆ ಇರಬಹುದು.

ನಿನ್ನ ಅಬ್ಬಾ


ಹೈದರಾಬಾದ್
೫ ಸೆಪ್ಟೆಂಬರ್ ೨೦೨೪

ಅಬ್ಬಾ,

ಹಿಂದುಮುಂದು ಬರೆದಿಲ್ಲ. ಗುಂಡುಗಳು ಉಕ್ಕಿನವು. ನಲವತ್ತು ಗಂಟೆ ಬಡಿದರೆ ಅವೂ ಸವೆಯುತ್ತವೆ. ಸವೆದ ಕಬ್ಬಿಣ ಪುಡಿಗೆ ಸೇರುತ್ತದೆ. ಪುಡಿಯಲ್ಲೂ ಅರ್ಧ ಕಬ್ಬಿಣವೇ ಇರುವುದರಿಂದ ತೊಂದರೆ ಇಲ್ಲ. ಎಲ್ಲರೂ ಹೀಗೇ ಲೆಕ್ಕ ಹಿಡಿಯುತ್ತಾರೆ.

ಲೇಖನ ಕಳಿಸಿ ಆಯಿತು. ಸರ್ ಅಕ್ಟೋಬರಿನಲ್ಲಿ ಪುಣೆಯ ಸಮ್ಮೇಳನದಲ್ಲಿ ಇದನ್ನೇ ಮಾತಾಡುತ್ತಾರೆ. ಅವಸರದಲ್ಲಿದ್ದೇನೆ.

ನಿಷತ


ಮೋರಟಗಿ
೧೯ ಸೆಪ್ಟೆಂಬರ್ ೨೦೨೪

ನಿಷತ,

ಈ ಪತ್ರವನ್ನು ಬರೆಯಬೇಕೋ ಬೇಡವೋ ಎಂದು ಎಂಟು ದಿನ ಯೋಚಿಸಿದೆ. ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಗುಂಡು ಸವೆಯುವ ಮಾತು ಒಪ್ಪಿದೆ. ಆದರೆ ಹಿಂದಿನ ಹದಿನೈದು ಸಲವೂ ಗುಂಡು ಸವೆದಿರಬೇಕಲ್ಲ. ಆಗಲೂ ತೂಕ ಹೆಚ್ಚು ಬಂದಿತ್ತೇ?

ಶನಿವಾರ ಒಬ್ಬಾಕೆ ಮೆಣಸಿನಕಾಯಿ ಬೀಸಿಕೊಂಡು ಹೋದಳು. ಖಾರದ ಕಲ್ಲು ಬೇರೆ ಕೆಟ್ಟಿದ್ದರಿಂದ ಜೋಳದ ಕಲ್ಲಿಗೇ ಹಾಕಿದ್ದೆ. ಆಮೇಲೆ ಗುಡಿಸಿದೆ, ಒರೆಸಿದೆ. ಕಣ್ಣಿಗೆ ಒಂದು ಚೂರೂ ಕಾಣಲಿಲ್ಲ. ಆದರೂ ಮುಂದಿನ ಡಬ್ಬಿಯ ಹಿಟ್ಟು ಕೆಂಪಗೆ ಬಿತ್ತು. ಕಲ್ಲಿನ ಗೆರೆಯೊಳಗೆ ಕೂತದ್ದು ಕಸಬರಿಗೆಗೆ ಬರುವುದಿಲ್ಲ. ಇನ್ನೊಂದು ಕಾಳು ಬೀಸಿದಾಗ ಮಾತ್ರ ಬಿಡುತ್ತದೆ. ಇದು ನಿನಗೆ ಗೊತ್ತಿಲ್ಲದ್ದಲ್ಲ.

ನಿಮ್ಮ ಪ್ರಯೋಗಶಾಲೆಯಲ್ಲಿ ಆ ಡಬ್ಬಿಯನ್ನು ನೀನೊಬ್ಬಳೇ ಬಳಸುತ್ತೀಯೋ, ಬೇರೆಯವರೂ ಬಳಸುತ್ತಾರೋ? ಹದಿನಾರನೆಯ ಸಲಕ್ಕಿಂತ ಮೊದಲು ಅದು ಏನು ಬೀಸಿತ್ತು?

ಇಷ್ಟೇ ಕೇಳಬೇಕಿತ್ತು. ಕೇಳುವ ಹಕ್ಕು ನನಗೆ ಇದೆಯೋ ಇಲ್ಲವೋ ಅದು ಬೇರೆ ಮಾತು.

ಅಬ್ಬಾ


ಹೈದರಾಬಾದ್
೨೮ ಸೆಪ್ಟೆಂಬರ್ ೨೦೨೪

ಅಬ್ಬಾ,

ಹಕ್ಕಿನ ಮಾತು ನೀವೇ ತೆಗೆದಿರಿ.

ನನಗೆ ಆಗ ಹನ್ನೆರಡು ವರ್ಷ. ಬೆಳಿಗ್ಗೆ ಇಬ್ರಾಹಿಂಸಾಬ ಚಾಚಾ ಕಲ್ಲಿಗೆ ಉಳಿ ಹೊಡೆದು ಹೋಗಿದ್ದರು. ಕಲ್ಲು ಕೂಡಿಸುವಷ್ಟರಲ್ಲಿ ಕರೆಂಟು ಬಂತು, ಮೂರು ಗಂಟೆ ಮಾತ್ರ ಇರುವ ಕರೆಂಟು. ಗುರುಲಿಂಗಪ್ಪ ಕಾಕಾ ಅವರ ಮನೆಯ ಮದುವೆಯ ಜೋಳ ಎರಡು ಚೀಲ ಕಾದಿತ್ತು. ಉಳಿ ಹೊಡೆದ ಕಲ್ಲಿಗೆ ಮೊದಲು ತವಡು ಹಾಕಿ ಬೀಸಿ, ಕಲ್ಲಿನ ಪುಡಿ ಸೇರಿದ ಆ ಮೊದಲ ಹಿಟ್ಟನ್ನು ತಿಪ್ಪೆಗೆ ಚೆಲ್ಲಬೇಕೆಂದು ನನಗೆ ಕಲಿಸಿದವರು ನೀವೇ. ಅವತ್ತು ನೀವು ಚೆಲ್ಲಲಿಲ್ಲ. ನೇರವಾಗಿ ಜೋಳ ಸುರಿದಿರಿ. ನಾನು ಪಕ್ಕದಲ್ಲೇ ನಿಂತು ನೋಡಿದೆ.

ಮದುವೆ ಮುಗಿದ ಮರುದಿನ ಕಾಕಾ ಬಂದು, “ಮೋದಿನಸಾಬ, ರೊಟ್ಟಿ ಕರಕರ ಅಂತಾವು. ಬೀಗರು ಎಲಿಮ್ಯಾಲಿಂದ ಎದ್ದು ಉಗುಳಿ ಬಂದ್ರು. ಹಿಟ್ಟಿನ್ಯಾಗ ಕಲ್ಲು ಐತಿ” ಅಂದರು.

“ಕಣದ ಮಣ್ಣು ಇರಬೇಕ್ರಿ. ಕಾಳು ಹಸನ ಆಗಿಲ್ಲ” ಅಂದಿರಿ ನೀವು.

“ಇಲ್ಲರೀ ಕಾಕಾ, ಅಬ್ಬಾ ಮೊದಲಿನ ಹಿಟ್ಟು ಚೆಲ್ಲಲಿಲ್ಲ” ಅಂದೆ ನಾನು.

ಗಿರಣಿಯಲ್ಲಿ ಆರೇಳು ಜನ ಇದ್ದರು. ಎಲ್ಲರ ಮುಂದೆ ನನ್ನ ಕೆನ್ನೆಗೆ ಹೊಡೆದಿರಿ. ಆ ಮನೆಯ ಜೋಳ ಮತ್ತೆ ನಮ್ಮ ಗಿರಣಿಗೆ ಬರಲಿಲ್ಲ. ನೀವು ಆ ಮಾತು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಈಗ ನನ್ನ ಡಬ್ಬಿ ಏನು ಬೀಸಿತ್ತು ಎಂದು ಕೇಳುತ್ತಿದ್ದೀರಿ. ಅದಕ್ಕೆ ನಾನು ಉತ್ತರ ಕೊಡಬೇಕು.

ಪತ್ರ ಬರೆಯಬೇಡಿ. ಸ್ವಲ್ಪ ದಿನ ಬೇಡ.

ನಿಷತ


ಮುದ್ದೇಬಿಹಾಳ
೪ ನವೆಂಬರ್ ೨೦೨೪

ನಿಷತಾ,

ನಾನು ಸಗೀರಾ, ನಿನ್ನ ಅಮ್ಮಿ. ನಿನ್ನ ಅಕ್ಕ ಅಲ್ಮಾಸಳಿಗೆ ಎರಡನೆಯ ಕೂಸು ಹುಟ್ಟಿದೆ, ಹೆಣ್ಣು. ಮೂರು ದಿನದಿಂದ ಇಲ್ಲೇ ಇದ್ದೇನೆ. ಈ ಸುದ್ದಿ ನಿನಗೆ ಫೋನಿನಲ್ಲೂ ಹೇಳಿದೆ. ನೀನು ‘ಹೂಂ, ಆರಾಮ ಇದ್ದೇನಿ, ಇಡ್ತೇನಿ’ ಎಂದು ಇಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ, ಕಾಗದವನ್ನು ಅರ್ಧಕ್ಕೆ ಇಡಲು ಬರುವುದಿಲ್ಲ.

ನೀನು ಏನು ಬರೆದೆಯೋ ಗೊತ್ತಿಲ್ಲ. ನಿನ್ನ ಅಬ್ಬಾ ಓದಿ ಹೇಳಲಿಲ್ಲ. ಆ ಪತ್ರ ಬಂದ ಮೇಲೆ ಅವರು ಗಿರಣಿಯಲ್ಲಿ ನಿಲ್ಲುತ್ತಿಲ್ಲ. ಯಂತ್ರದ ಪಟ್ಟಾ ಓಡುತ್ತಿರುವಾಗ ಹೊರಗೆ ಬಂದು ಕಟ್ಟೆಯ ಮೇಲೆ ಕೂರುತ್ತಾರೆ, ಮತ್ತೆ ಒಳಗೆ ಹೋಗುತ್ತಾರೆ, ಮತ್ತೆ ಹೊರಗೆ. “ಏನಾಗೇತ್ರಿ?” ಎಂದು ಕೂಗಿ ಕೇಳಿದರೆ “ಕೇಳವಲ್ದು” ಅನ್ನುತ್ತಾರೆ. ನನ್ನ ಮಾತು ಅವರಿಗೆ ಕೇಳುತ್ತದೆ, ನನಗೆ ಗೊತ್ತು.

ಮೂರು ಕಾಗದ ಬರೆದು ಹರಿದಿದ್ದಾರೆ. ಚೂರುಗಳನ್ನು ಗುಡಿಸಿದವಳು ನಾನು. ಕೂಡಿಸಿ ಓದಬಹುದಿತ್ತು. ಓದಲಿಲ್ಲ.

ನೀವಿಬ್ಬರೂ ಒಂದೇ ಕಲ್ಲಿನವರು. ಯಾರಾದರೂ ಒಬ್ಬರು ಮೊದಲು ಮಾತಾಡಿರಿ.

ಅಮ್ಮಿ


ಹೈದರಾಬಾದ್
೧೮ ನವೆಂಬರ್ ೨೦೨೪

ಅಬ್ಬಾ,

ನೋಡಿದೆ.

ಹದಿನಾರನೆಯ ಸಲದ ಡಬ್ಬಿ ನನ್ನದಲ್ಲ. ಹದಿನೈದು ಸಲ ಬಳಸಿದ್ದು ನನ್ನದು. ಜುಲೈನಲ್ಲಿ ಅದರ ಮುಚ್ಚಳ ಸೀಳಿತು. ಹೊಸದು ಬರಲು ಎರಡು ತಿಂಗಳು ಎಂದರು. ಪಕ್ಕದ ಮೇಜಿನ ವಸುಧಾಳ ಡಬ್ಬಿ ತೆಗೆದುಕೊಂಡೆ. ಅವಳು ಅದರಲ್ಲಿ ಸಮೇರಿಯಂ ಮತ್ತು ಕೋಬಾಲ್ಟ್ ಬೀಸುತ್ತಿದ್ದಳು. ಅವೆರಡೂ ಸೇರಿದರೆ ಅದು ಮೊದಲೇ ಗಟ್ಟಿ ಅಯಸ್ಕಾಂತ, ಪೇಟೆಯಲ್ಲಿ ಸಿಗುವಂಥದ್ದು. “ಸ್ಪಿರಿಟ್ ಹಾಕಿ ಮೂರು ಸಲ ತೊಳದೇನಿ, ಬಿಂದಾಸ ತಗೋ” ಅಂದಿದ್ದಳು. ಅವಳು ತೊಳೆದದ್ದು ನಿಜ.

ಹೊಸ ಡಬ್ಬಿಗೆ, ಬೇರೆಯವರ ಡಬ್ಬಿಗೆ, ಮೊದಲು ಒಂದು ಸಲ ನಮ್ಮದೇ ಪುಡಿ ಹಾಕಿ ನಾಲ್ಕು ಗಂಟೆ ಬೀಸಿ ಚೆಲ್ಲಬೇಕು. ಡಬ್ಬಿಯ ಒಳಮೈಗೆ ಅಂಟಿಕೊಂಡದ್ದನ್ನು ಅದು ಎಬ್ಬಿಸಿಕೊಂಡು ಹೋಗುತ್ತದೆ. ಗೋಡೆಗೆ ತೂಗುಹಾಕಿದ ನಿಯಮಪಟ್ಟಿಯಲ್ಲಿ ಬರೆದಿದೆ. ಇಲ್ಲಿಗೆ ಬಂದ ಮೊದಲ ವಾರ ಅದನ್ನು ಓದಿ, ಇದು ನನಗೆ ಹನ್ನೆರಡು ವರ್ಷಕ್ಕೇ ಗೊತ್ತು ಎಂದು ನಕ್ಕವಳು ನಾನು. ಹದಿನಾರನೆಯ ಸಲಕ್ಕೆ ಯಂತ್ರ ನನ್ನ ಪಾಲಿಗೆ ನಲವತ್ತೆರಡು ಗಂಟೆ ಮಾತ್ರ ಇತ್ತು. ನಾಲ್ಕು ಗಂಟೆ ಚೆಲ್ಲಲು ಮನಸ್ಸು ಬರಲಿಲ್ಲ.

ಅದು ಕರೆಂಟು ಹೋಗುವ ಮೊದಲು ಎರಡು ಚೀಲ ಮುಗಿಸಬೇಕಾದ ಅವಸರವೇ. ಬೇರೆ ಏನೂ ಅಲ್ಲ.

ನಿಮ್ಮ ಸೆಪ್ಟೆಂಬರಿನ ಪತ್ರ ಓದಿದ ದಿನವೇ ಹಳೆಯ ಪುಸ್ತಕ ತೆಗೆದು ನೋಡಿದೆ. ಹದಿನೈದು ಸಲವೂ ತೂಕ ಕಡಿಮೆ ಬಂದಿತ್ತು. ೧೯.೭, ೧೯.೮, ಹೀಗೆ. ಹದಿನಾರನೆಯದು ಮಾತ್ರ ಹೆಚ್ಚು. ಆ ಪುಸ್ತಕ ಮುಚ್ಚಿಟ್ಟು ನಿಮಗೆ ಜಗಳದ ಪತ್ರ ಬರೆದೆ. ಉಳಿದ ಪುಡಿಯನ್ನು ಪರೀಕ್ಷೆಗೆ ಕೊಡಲು ಇನ್ನೂ ಒಂದೂವರೆ ತಿಂಗಳು ಹಿಡಿಯಿತು. ಮೊದಲ ಸಲ ಅದರಲ್ಲಿ ಕಬ್ಬಿಣ, ನಿಕಲ್ ಎಷ್ಟಿದೆ ಎಂದು ಮಾತ್ರ ಕೇಳಿದ್ದೆ. ಈ ಸಲ ಎಲ್ಲ ಲೋಹಗಳನ್ನೂ ಹುಡುಕಿ ಎಂದೆ. ಕೋಬಾಲ್ಟ್ ಇದೆ. ಸಮೇರಿಯಂ ಇದೆ. ನನ್ನ ಅಯಸ್ಕಾಂತ ವಸುಧಾಳ ಡಬ್ಬಿಯ ಕೊಳೆ.

ಮೊನ್ನೆ ಪತ್ರಿಕೆಯವರ ಉತ್ತರ ಬಂತು. ಲೇಖನ ಸ್ವೀಕರಿಸಿದ್ದಾರೆ. ಜನವರಿಯಲ್ಲಿ ಅಚ್ಚು. ಪುಣೆಯಲ್ಲಿ ಸರ್ ಮಾತಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಎದುರಿಗೆ ಸಿಕ್ಕವರೆಲ್ಲ ಪೇಢೆ ಕೇಳುತ್ತಾರೆ.

ಪರೀಕ್ಷೆಯ ವರದಿ ನನ್ನ ಚೀಲದಲ್ಲಿದೆ. ವಸುಧಾಳಿಗೆ ತೋರಿಸಿದ್ದೇನೆ, ಮತ್ತಾರಿಗೂ ಇಲ್ಲ. ಸರ್ ಕೋಣೆಯ ಬಾಗಿಲವರೆಗೆ ಐದು ಸಲ ಹೋಗಿ ಬಂದೆ. ಹೇಳಿದರೆ ಜನವರಿಗೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಹೇಳದಿದ್ದರೆ ಇನ್ನೆರಡು ವರ್ಷ ಯಾರಿಗೂ ತಿಳಿಯುವುದಿಲ್ಲ. ಬೇರೆ ಕಡೆಯವರು ಮಾಡಿ ನೋಡಿ, ‘ನಮಗೆ ಬರಲಿಲ್ಲ’ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಏನು ಮಾಡಲಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಹೇಳಬೇಡಿ.

ನಿಷತ


ಮೋರಟಗಿ
೧ ಡಿಸೆಂಬರ್ ೨೦೨೪

ಮಗಳೆ,

ಹೇಳುವುದಿಲ್ಲ. ನಾನು ಹೋದವಾರ ಒಂದು ಕಡೆ ಹೋಗಿ ಬಂದೆ, ಅದನ್ನು ಮಾತ್ರ ಬರೆಯುತ್ತೇನೆ.

ಗುರುಲಿಂಗಪ್ಪನವರು ಈಗ ಮನಗೂಳಿಯಲ್ಲಿದ್ದಾರೆ. ಮಗ ಅಲ್ಲಿ ಪೈಪಿನ ಅಂಗಡಿ ಹಾಕಿದ್ದಾನೆ. ಸಿಂದಗಿಗೆ ಹೋಗಿ ಬಸ್ಸು ಬದಲಿಸಿ ಹನ್ನೊಂದರ ಹೊತ್ತಿಗೆ ಮುಟ್ಟಿದೆ. ಬಸವನ ಬಾಗೇವಾಡಿಯ ಸಂತೆಗೆ ಹೋಗುವವರಿಂದ ಓಣಿ ತುಂಬಿತ್ತು. ಅವರು ಕಟ್ಟೆಯ ಮೇಲೆ ಕೂತಿದ್ದರು. ಗುರುತು ಹಿಡಿದರು, ಎದ್ದು ನಿಲ್ಲಲಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಮೆಲ್ಲಗೆ ಹೇಳಿ ಬರಬೇಕೆಂದು ಮನಸ್ಸು. ಆದರೆ ಕಿವುಡನಿಗೆ ತನ್ನ ದನಿ ಎಷ್ಟು ಎಂದು ಎಲ್ಲಿ ಗೊತ್ತಾಗುತ್ತದೆ? “ಗೌಡ್ರ, ಅವತ್ತು ನಿಮ್ಮ ಹಿಟ್ಟಿನ್ಯಾಗ ಇದ್ದದ್ದು ನನ್ನ ಕಲ್ಲು. ಕಣದ ಮಣ್ಣಲ್ಲ. ನಾ ಸುಳ್ಳ ಹೇಳಿದ್ನಿ. ನನ್ನ ಮಗಳು ಖರೇ ಹೇಳಿದ್ಳು, ಆಕಿಗೆ ಹೊಡದ್ನಿ” ಅಂದೆ. ಸಂತೆಗೆ ಹೊರಟವರು ನಿಂತು ತಿರುಗಿ ನೋಡಿದರು. ಆಗ ತಿಳಿಯಿತು, ನಾನು ಕೂಗಿದ್ದೆ ಎಂದು.

ಗುರುಲಿಂಗಪ್ಪನವರು ಪಕ್ಕಕ್ಕೆ ಬಂದು ನನ್ನ ಕಿವಿಗೆ ಬಾಯಿ ಇಟ್ಟು, “ಅದು ನನಗ ಅವತ್ತಽ ಗೊತ್ತಿತ್ತು. ಕೂಸು ಸುಳ್ಳ ಹೇಳಂಗಿಲ್ಲ. ಬೀಗರ ಮುಂದ ನಾನೂ ಸುಮ್ಮ ಕುಂತ್ನಿ. ನನಗ ಹೇಳಬ್ಯಾಡ, ಒಳಗ ಅದಾಳ ನೋಡು, ಆಕಿಗೆ ಹೇಳು” ಅಂದರು.

ಅವರ ಹೆಂಡತಿ ನೀಲವ್ವ ಅಷ್ಟೊತ್ತಿಗೆ ಬಾಗಿಲಿಗೆ ಬಂದಿದ್ದಳು. ಅಷ್ಟು ಕೂಗಿದ ಮೇಲೆ ಮತ್ತೆ ಹೇಳುವುದು ಏನೂ ಇರಲಿಲ್ಲ. ಆಕೆ ಮೆಲ್ಲಗೆ ಮಾತಾಡಿದಳು. ನಾನು ತುಟಿ ನೋಡಿ ಅರ್ಥ ಮಾಡಿಕೊಂಡೆ, ಉಳಿದದ್ದನ್ನು ಗುರುಲಿಂಗಪ್ಪನವರು ಕಿವಿಯಲ್ಲಿ ಹೇಳಿದರು.

“ನಮ್ಮ ಅತ್ತಿ ಸಾಯೂಮಟಾ ಅಂದ್ಳು, ಕಾಳು ಹಸನ ಮಾಡಾಕ ಬರಲಾರದಾಕಿ ಅಂತ. ಹೊಸಾ ಸೊಸೀ ಮುಂದ ಅಂದ್ಳು. ಅತ್ತಿ ಹೋಗಿ ಆರು ವರ್ಷ ಆತು. ಈಗ ಯಾರ ಮುಂದ ಹೇಳಾಕ ಬಂದೀ, ಮೋದಿನಸಾಬ?”

ನಾನು ಸುಳ್ಳು ಹೇಳಿದ್ದು ಗುರುಲಿಂಗಪ್ಪನವರಿಗೆ ಎಂದುಕೊಂಡಿದ್ದೆ. ಅದು ಯಾರ ತಲೆಯ ಮೇಲೆ ಬಿತ್ತು ಎಂದು ಹದಿನೈದು ವರ್ಷ ಯೋಚನೆಯನ್ನೂ ಮಾಡಿರಲಿಲ್ಲ.

ತಿರುಗಿ ಹೊರಟೆ. ಓಣಿಯ ತುದಿಗೆ ಬಂದಾಗ ಅವರ ಮಗ ಓಡಿ ಬಂದು ಒಂದು ಡಬ್ಬಿ ಕೈಗಿಟ್ಟ. ಹತ್ತು ಕಿಲೋ ಬಿಳಿಜೋಳ. ಬೀಸಿಕೊಂಡು ಬರಬೇಕಂತೆ. ‘ನೋಡ್ತೇನಿ’ ಎಂದಳಂತೆ ತಾಯಿ.

ಡಬ್ಬಿ ಗಿರಣಿಯಲ್ಲಿದೆ. ಸವೆದ ಕಲ್ಲಿನಲ್ಲಿ ಬೀಸಿದರೆ ಕಲ್ಲು ಬೀಳುವ ಭಯವಿಲ್ಲ. ಆದರೆ ಹಾಗೆ ಬೀಸಲು ಮನಸ್ಸು ಒಪ್ಪುತ್ತಿಲ್ಲ. ಇಬ್ರಾಹಿಂಸಾಬನಿಗೆ ಹೇಳಿ ಕಳಿಸಿದ್ದೇನೆ. ಉಳಿ ಹೊಡೆದ ದಿನವೇ ಬೀಸುತ್ತೇನೆ. ದಿನಕ್ಕೆ ನಾಲ್ಕು ಸಲ ಹೋಗಿ ಆ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತೇನೆ. ನೀನು ಊಟದ ನಡುವೆ ಎದ್ದು ಗ್ರಾಫ್ ನೋಡುತ್ತಿದ್ದೆ ಎಂದು ಬರೆದಿದ್ದೆಯಲ್ಲ, ಹಾಗೇ.

ಅಬ್ಬಾ


ಹೈದರಾಬಾದ್
೨೨ ಡಿಸೆಂಬರ್ ೨೦೨೪

ಅಬ್ಬಾ,

ಈ ತಿಂಗಳ ಒಂಬತ್ತರಂದು ಸರ್ ಕೋಣೆಯ ಒಳಗೆ ಹೋದೆ. ವರದಿ ಮೇಜಿನ ಮೇಲಿಟ್ಟೆ. ಕನ್ನಡಕ ತೆಗೆದು, ಹಾಕಿಕೊಂಡು, ಮತ್ತೆ ತೆಗೆದು ಓದಿದರು.

“ಯಾರ್ಯಾರಿಗೆ ಗೊತ್ತೈತಿ?”

“ನನಗ, ವಸುಧಾಗ, ಈಗ ನಿಮಗ. ಮತ್ತ ನಮ್ಮ ಅಬ್ಬಾಗ.”

“ನಿಮ್ಮ ಅಬ್ಬಾ ಏನ್ ಮಾಡ್ತಾರ?”

“ಹಿಟ್ಟಿನ ಗಿರಣಿ ಐತ್ರಿ. ಮೋರಟಗ್ಯಾಗ.”

“ಅವರಿಗೆ ಹೆಂಗ ಗೊತ್ತಾತು?”

“ತೂಕ ಕೇಳಿದ್ರು ಸರ್. ಹೆಚ್ಚು ಹೆಂಗ ಬಂತು ಅಂದ್ರು.”

ಅವರು ನನ್ನ ಪ್ರಯೋಗದ ಪುಸ್ತಕ ತರಿಸಿ ಆ ಪುಟ ತೆಗೆದರು. ೨೦.೩೧ರ ಕೆಳಗೆ ಅವರದೇ ಸಹಿ ಇದೆ. ಜುಲೈ ಇಪ್ಪತ್ತಾರನೆಯ ತಾರೀಖು. ಅದನ್ನೇ ನೋಡುತ್ತ ಕೂತರು. “ಗಿರಣಿಯವರಿಗೆ ಕಂಡದ್ದು ನನ್ನ ಕಣ್ಣ ಮುಂದಿಂದ ಹೋಗೇತಿ” ಅಂದರು. ನಗಲಿಲ್ಲ.

ಆಮೇಲೆ ಅವರು ಹೇಳಿದ್ದನ್ನೂ ಬರೆಯಬೇಕು. “ಕೊನೀಗೆ ಒಂದು ಸಾಲು ಸೇರಸೋಣು. ಬೇರೆ ಲೋಹದ ಅಂಶ ಸ್ವಲ್ಪ ಇರಬಹುದು ಅಂತ. ಅಷ್ಟು ಸಾಲದೇನು? ನಿನ್ನ ಐದು ವರ್ಷ ಅದ ನಿಷತ, ನನ್ನ ಹೆಸರೂ ಅದ.”

ಆ ಒಂದು ಸಾಲು ನನಗೂ ಹೊಳೆದಿತ್ತು. ನವೆಂಬರಿನಲ್ಲಿ ಹಾಳೆಯ ಮೇಲೆ ಬರೆದೂ ನೋಡಿದ್ದೆ. ಚೆನ್ನಾಗಿಯೇ ಕೂತಿತ್ತು. ನಿಮ್ಮ ಪತ್ರ ಬಾರದಿದ್ದರೆ ‘ಆಗಲಿ’ ಅನ್ನುತ್ತಿದ್ದೆನೋ ಏನೋ, ಇಲ್ಲ ಎಂದು ಎದೆ ತಟ್ಟಿ ಹೇಳಲಾರೆ. “ಅದು ಕಣದ ಮಣ್ಣು ಅಂದ್ಹಂಗ ಆಗತೈತ್ರಿ ಸರ್” ಅಂದೆ. ಅವರಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ, ಮದುವೆ, ರೊಟ್ಟಿ, ಕೆನ್ನೆ, ನೀಲವ್ವ. ಮುಗಿಯುವ ತನಕ ಕೇಳಿ, ಹೋಗು ಎಂದು ಕೈಸನ್ನೆ ಮಾಡಿದರು.

ಎಂಟು ದಿನ ನನ್ನೊಂದಿಗೆ ಮಾತಾಡಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಹೋದರು. ವಸುಧಾ ನನ್ನ ಜೊತೆ ಚಹಾಕ್ಕೆ ಬರುವುದನ್ನು ಬಿಟ್ಟಿದ್ದಾಳೆ. ಅವಳ ಹೆಸರನ್ನು ನಾನು ಎಲ್ಲೂ ತಪ್ಪಿನ ಜಾಗದಲ್ಲಿ ಹೇಳಿಲ್ಲ, ಆದರೂ.

ಒಂಬತ್ತನೆಯ ದಿನ ಸರ್ ಕರೆದು ಒಂದು ಹಾಳೆ ಕೊಟ್ಟರು. ಪತ್ರಿಕೆಗೆ, ಪುಣೆಯವರಿಗೆ, ಇಬ್ಬರಿಗೂ ಬರೆದ ಪತ್ರ. ಲೇಖನ ಹಿಂತೆಗೆದುಕೊಂಡಿದ್ದೇವೆ, ಫಲಿತಾಂಶ ಡಬ್ಬಿಯ ಕಲ್ಮಶದಿಂದ ಬಂದದ್ದು. ಮೊದಲ ಸಹಿ ಅವರದು. ನನ್ನ ಸಹಿಗೆ ಕೆಳಗೆ ಜಾಗ ಬಿಟ್ಟಿದ್ದರು. ಹಾಕಿದೆ.

ಜನವರಿ ೩೧ಕ್ಕೆ ಶಿಷ್ಯವೇತನ ನಿಲ್ಲುತ್ತದೆ. ಪ್ರಬಂಧ ಒಪ್ಪಿಸಲು ಇನ್ನೊಂದು ವರ್ಷ ಕೊಡಿಸಿದ್ದಾರೆ. ಬೆಳಿಗ್ಗೆ ಇಲ್ಲಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ, ಮಧ್ಯಾಹ್ನದ ಮೇಲೆ ಪ್ರಯೋಗಶಾಲೆ. ಹಾಸ್ಟೆಲ್ ಬಿಡಬೇಕು. ಅಮ್ಮಿಗೆ ನಾನೇ ಹೇಳುತ್ತೇನೆ.

ಹಗುರಾಯಿತೇ ಎಂದು ಕೇಳಬೇಡಿ, ಆಗಿಲ್ಲ. ಎದೆಯಲ್ಲಿ ಯಂತ್ರ ಇನ್ನೂ ತಿರುಗುತ್ತಲೇ ಇದೆ.

ನೀಲವ್ವ ಚಿಗವ್ವನ ಜೋಳ ಏನಾಯಿತು?

ನಿಷತ


ಮೋರಟಗಿ
೯ ಜನವರಿ ೨೦೨೫

ನಿಷತ,

ಇಬ್ರಾಹಿಂಸಾಬ ಸೋಮವಾರ ಬಂದ. ನಡುಗುವ ಕೈ, ಆದರೆ ಉಳಿ ಹಿಡಿದರೆ ನಡುಕ ನಿಲ್ಲುತ್ತದೆ. ಮಧ್ಯಾಹ್ನಕ್ಕೆ ಕಲ್ಲು ಕೂಡಿಸಿದೆವು. ಎರಡು ಸೇರು ತವಡು ಬೀಸಿ ಚೆಲ್ಲಿದೆ. ಮತ್ತೆ ಎರಡು ಸೇರು. ಮತ್ತೆ ಎರಡು. “ಹುಚ್ಚ ಹಿಡದೈತೇನು ನಿನಗ? ಕಲ್ಲಽ ಸವದು ಹೋಗತೈತಿ. ನಾ ಮತ್ತ ಇಂಡಿಯಿಂದ ಬರಬೇಕೇನು?” ಎಂದು ನನ್ನ ಕಿವಿಯಲ್ಲಿ ಕೂಗಿದ. ಆಮೇಲೆ ನಮ್ಮ ಮನೆಯ ಜೋಳ ಒಂದು ಸೇರು ಬೀಸಿ, ನಿನ್ನ ಅಮ್ಮಿಯ ಕೈಯಿಂದ ರೊಟ್ಟಿ ಮಾಡಿಸಿ ತಿಂದೆ. ಅದಾದ ಮೇಲೆ ಆ ಡಬ್ಬಿ ಸುರಿದೆ. ಹತ್ತು ಹಾಕಿದ್ದು, ಒಂಬತ್ತು ಮುಕ್ಕಾಲು ಬಂತು.

ನಿನ್ನೆ ಮನಗೂಳಿಗೆ ಹೋಗಿ ಕೊಟ್ಟೆ. ನೀಲವ್ವ ಕೂರು ಅನ್ನಲಿಲ್ಲ. ಬಾಗಿಲಲ್ಲೇ ಮುಚ್ಚಳ ತೆಗೆದು ಒಂದು ಚಿಟಿಕೆ ಹಿಟ್ಟು ಬಾಯಿಗೆ ಹಾಕಿಕೊಂಡು ಹಲ್ಲಿನ ನಡುವೆ ತಿಕ್ಕಿದಳು. ಇನ್ನೊಂದು ಚಿಟಿಕೆ, ಡಬ್ಬಿಯ ತಳದಿಂದ. ಸೊಸೆಯನ್ನು ಕರೆದು ಅವಳ ಬಾಯಿಗೂ ಹಾಕಿದಳು. ಸೊಸೆ ತಲೆ ಅಲ್ಲಾಡಿಸಿದಳು.

ಆಮೇಲೆ ನೀಲವ್ವ ನನಗೆ ಕೇಳಿಸುವಷ್ಟು ಗಟ್ಟಿಯಾಗಿ, ಅಂದರೆ ಓಣಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ, ಗಂಡನಿಗೆ ಹೇಳಿದಳು: “ಈ ಸಲ ಕಾಳು ನಾನಽ ಹಸನ ಮಾಡೀನಿ. ಕಣದ ಮಣ್ಣು ಹೆಂಗ ಇಲ್ಲ ನೋಡ್ರಿ.”

ಗುರುಲಿಂಗಪ್ಪನವರು ನೆಲ ನೋಡಿದರು. ನಾನೂ ನೋಡಿದೆ. ಆಕೆ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಚಹಾ ಬರಲಿಲ್ಲ. ಬರಬೇಕೆಂದೂ ಇಲ್ಲ.

ನಿನ್ನ ಪುಡಿಯ ಸುದ್ದಿ ಬರೆ.

ಅಬ್ಬಾ


ಹೈದರಾಬಾದ್
೩ ಫೆಬ್ರುವರಿ ೨೦೨೫

ಅಬ್ಬಾ,

ಹೊಸ ಡಬ್ಬಿ ಕೊನೆಗೂ ಬಂತು. ಮೊದಲ ಪುಡಿಯನ್ನು ನಾಲ್ಕು ಗಂಟೆ ಬೀಸಿ ಚೆಲ್ಲಿದೆ. ಎರಡನೆಯದನ್ನೂ ಚೆಲ್ಲಿದೆ. ನಿಕಲ್ ಪುಡಿ ಹಾಳು ಮಾಡುತ್ತೀ ಎಂದು ಸ್ಟೋರಿನವರು ಗೊಣಗಿದರು. ಸರ್ ದೂರ ನಿಂತು ನೋಡಿ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, ತೂಕ ಮಾಡುವಾಗ ತಮ್ಮನ್ನು ಕರೆ ಅಂದರು.

ಮೂರನೆಯದನ್ನು ನಲವತ್ತು ಗಂಟೆ ಬೀಸಿದ್ದೇನೆ. ಗಾಜಿನ ಕೊಳವೆಯಲ್ಲಿ ಮುಚ್ಚಿ ಕುಲುಮೆಗೆ ಇಟ್ಟಾಗಿದೆ. ಮುನ್ನೂರು ಡಿಗ್ರಿ, ಈ ಸಲ ಹತ್ತು ದಿನವಲ್ಲ, ತೊಂಬತ್ತು ದಿನ. ಸಾಲು ಕೂರುತ್ತದೋ ಇಲ್ಲವೋ ಮೇ ತಿಂಗಳಲ್ಲಿ ತಿಳಿಯುತ್ತದೆ. ಕೂರದೆಯೂ ಇರಬಹುದು. ಪಾಠ ಮುಗಿಸಿ ಬಂದವಳು ದಿನಾ ಒಮ್ಮೆ ಕುಲುಮೆಯ ಮುಂದೆ ನಿಂತು ಹೋಗುತ್ತೇನೆ, ಅದರೊಳಗೆ ಕಾಣುವುದು ಏನೂ ಇಲ್ಲದಿದ್ದರೂ.

ಹಾಕಿದ್ದು ೨೦ ಗ್ರಾಂ. ಬಂದದ್ದು ೧೯.೮೨.

ಕಡಿಮೆ ಬಂದಿದೆ, ಅಬ್ಬಾ.

ನಿಮ್ಮ ಮಗಳು,
ನಿಷತ